ಎಲ್ಲರ ಜೊತೆ ಕೂತು ಉಣ್ಣಿ, ಒಂದೇ ಸಲ ನೀಡಿಸಿಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ.

ಇದು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಆ ಸಪ್ಪಳದಲ್ಲಿ ನನ್ನ ಮಾತು ತಪ್ಪಿಹೋಗಬಾರದು, ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಸಬೇಕು, ಶುಗರ್ ಹತೋಟಿಗೆ ತರಬೇಕು ಅಂತ ಪಥ್ಯ ಹಿಡಿದವರು ಮನೆಯವರ ಜೊತೆಗೇ ಕೂತು ಊಟ ಮಾಡಿ. ಆದರೆ ಒಂದೇ ಸಲ ನೀಡಿಸಿಕೊಳ್ಳಿ. ಎರಡನೇ ಸಲ ಬೇಡ.

ನನ್ನ ಹತ್ತಿರ ಸಲಹೆಗೆ ಬರುವವರಲ್ಲಿ ಬಹಳ ಜನ ಹೇಳುವುದು ಒಂದೇ ಮಾತು. "ಮೇಡಮ್, ನೀವು ಹೇಳಿದ್ದೆಲ್ಲ ಖರೇ. ಆದ್ರ ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಉಣ್ಣೋರು. ಅವರ ನಡಬರಕ ಕೂತು ನಾ ಒಬ್ಬನೇ ಹೆಂಗ ಕಮ್ಮಿ ಉಣ್ಲಿ?" ಪ್ರಶ್ನೆ ಸರಿಯಾಗೇ ಇದೆ. ನಾಲ್ಕು ಮಂದಿ ಜೊತೆ ಕೂತಾಗ ಒಬ್ಬರೇ ಇದ್ದಾಗಿನದಕ್ಕಿಂತ ಜಾಸ್ತಿ ಉಣ್ಣುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ 1980ರ ದಶಕದಲ್ಲೇ ಜನರ ಕೈಯಲ್ಲಿ ಊಟದ ದಿನಚರಿ ಬರೆಸಿ ಇದನ್ನು ತೋರಿಸಿದರು. ಮಾತು ಬೆಳೆಯುತ್ತದೆ, ಕೂತ ಹೊತ್ತು ಬೆಳೆಯುತ್ತದೆ, ಕೈ ಬುಟ್ಟಿಗೆ ಹೋಗುತ್ತಲೇ ಇರುತ್ತದೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಇನ್ನೆರಡು ರೊಟ್ಟಿ ಒಳಗೆ ಹೋಗಿರುತ್ತವೆ.

ಹಾಗಂತ ಬೇರೆ ಕೂತು ಉಣ್ಣುವುದು ಉಪಾಯವಲ್ಲ. ಆಳಂದ ತಾಲ್ಲೂಕಿನ ಒಂದು ಮನೆಯ ಕಥೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು.

ಇಬ್ಬರು ಅಣ್ಣತಮ್ಮಂದಿರು. ಅಣ್ಣ ಹೊಲ ನೋಡಿಕೊಳ್ಳುವವರು. ದಿನವಿಡೀ ತೊಗರಿ ಹೊಲದಲ್ಲಿ ದುಡಿದು ಬಂದು ಐದಾರು ರೊಟ್ಟಿ ತಿಂದರೂ ಮೈಗೆ ಹತ್ತುವುದಿಲ್ಲ. ತಮ್ಮ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವವರು. ರಾತ್ರಿ ಅಣ್ಣನ ಪಕ್ಕದಲ್ಲಿ ಕೂತು ಅಣ್ಣನಷ್ಟೇ ಊಟ. ಶುಗರ್ ಬಂತು, ಡಾಕ್ಟರು ತೂಕ ಇಳಿಸಿ ಅಂದರು. ಇವರು ಏನು ಮಾಡಿದರು? ಸಂಜೆ ಏಳಕ್ಕೇ ಒಬ್ಬರೇ ಕೂತು ಎರಡು ಚಪಾತಿ ತಿಂದು ಮಲಗಲು ಶುರು ಮಾಡಿದರು. ಅವ್ವ ಮುಖ ಸಣ್ಣದು ಮಾಡಿಕೊಂಡರು. "ಏನರ ಜಗಳ ಆಗ್ಯಾದೇನು?" ಅಂತ ಅಣ್ಣ ಕೇಳಿದರು. ವೈನಿಗಂತೂ, ಅಂದರೆ ಅಣ್ಣನ ಹೆಂಡತಿಗೆ, ತನ್ನ ಅಡುಗೆಗೇ ಹೆಸರಿಟ್ಟರೇನೋ ಅನ್ನುವ ಚಿಂತೆ. ವಾರ ಕಳೆಯುವುದರಲ್ಲಿ ಇವರು ಪಥ್ಯ ಬಿಟ್ಟು ಮತ್ತೆ ಅದೇ ಪಂಕ್ತಿಗೆ, ಅದೇ ಐದು ರೊಟ್ಟಿಗೆ ಬಂದರು.

ನನ್ನ ಹತ್ತಿರ ಬಂದಾಗ ನಾನು ಹೇಳಿದೆ: ಜೊತೆಗೇ ಉಣ್ಣಿ, ಒಂದೇ ಸಲ ನೀಡಿಸಿಕೊಳ್ಳಿ. ಇದನ್ನು ವೈನಿಗೆ ಊಟದ ಹೊತ್ತಿನಲ್ಲಲ್ಲ, ಮಧ್ಯಾಹ್ನವೇ ಹೇಳಿಡಿ. ಬುಟ್ಟಿ ಎದುರಿಗೆ ಹಿಡಿದು ನಿಂತವರಿಗೆ ಬೇಡ ಅಂದರೆ ಅವರಿಗೆ ಬೇಜಾರಾಗುತ್ತದೆ, ಮೊದಲೇ ಹೇಳಿದರೆ ಅವರೇ ನಿಮ್ಮ ಕಾವಲು ಕಾಯುತ್ತಾರೆ.

ಅವರು ಇದಕ್ಕೆ ತಮ್ಮದೊಂದು ಉಪಾಯ ಸೇರಿಸಿದರು. ನೀಡುವ ಕೆಲಸವನ್ನೇ ತಾವು ಹಿಡಿದರು! ಎಳ್ಳಮಾವಾಸ್ಯೆ ದಿನ ಮನೆಮಂದಿ, ಬೀಗರು, ಗೆಳೆಯರು ಎಲ್ಲ ಹೊಲಕ್ಕೆ ಹೋಗಿದ್ದರು. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಚೆಲ್ಲಿ ಬಂದು ಎಲ್ಲರೂ ಮರದ ಕೆಳಗೆ ಕೂತರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹತ್ತಾರು ಥರದ ಕಾಳು, ಕಾಯಿಪಲ್ಯ, ಸೊಪ್ಪು ಎಲ್ಲ ಹಾಕಿ ಬೇಯಿಸಿದ ಭಜ್ಜಿ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಹೋಳಿಗೆ, ತುಪ್ಪ, ಅಂಬಲಿ. ಇವರು ಮೊದಲು ಒಂದು ಗ್ಲಾಸು ಮಜ್ಜಿಗೆ ಕುಡಿದು, ರೊಟ್ಟಿ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಓಡಾಡಿದರು. ನೀಡುವವನಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಗಮನಿಸಿದ್ದೀರಾ? ಉಳಿದವರು ಮೂರನೇ ರೊಟ್ಟಿ ಮುರಿಯುವಾಗ ಇವರು ತಮ್ಮ ತಾಟು ಹಚ್ಚಿಕೊಂಡು ಅಣ್ಣನ ಪಕ್ಕ ಕೂತರು. ತಾಟಿನಲ್ಲಿ ಅರ್ಧಕ್ಕರ್ಧ ಭಜ್ಜಿ, ಎರಡು ತೆಳು ರೊಟ್ಟಿ, ಒಂದು ಚಮಚ ಹಿಂಡಿ, ಅಂಗೈ ಅಗಲದ ಹೋಳಿಗೆ ತುಂಡು. ತಡವಾಗಿ ಕೂತರು, ನಿಧಾನವಾಗಿ ತಿಂದರು, ಎಲ್ಲರ ಜೊತೆಗೇ ಎದ್ದು ಕೈ ತೊಳೆದರು. ಇವರು ಕಮ್ಮಿ ಉಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಮುಂದೆ ಮನೆಯಲ್ಲೂ ಅದನ್ನೇ ನಡೆಸಿದರು. ಈಗ ಅವರ ಪ್ಯಾಂಟಿಗೆ ಹೊಸ ಅಳತೆಯ ಬೆಲ್ಟ್ ಬೇಕಾಗಿದೆ.

ಒಂದೇ ಸಲ ನೀಡಿಸಿಕೊಂಡವರಿಗೆ ತಾವು ಎಷ್ಟು ತಿಂದೆವು ಅನ್ನುವುದು ಕಣ್ಣಿಗೇ ಕಾಣುತ್ತದೆ. ಎರಡನೇ ಸಲದಿಂದ ಲೆಕ್ಕ ತಪ್ಪುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕೆಲವರು "ಅದು ಬಿಡ್ರಿ ಮೇಡಮ್, ಯಾವ ಪುಡಿ ಕುಡೀಬೇಕು ಹೇಳ್ರಿ" ಅನ್ನುತ್ತಾರೆ. ಯಾವ ಪುಡಿಯೂ ಬೇಡ. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ ಇವೆಲ್ಲ ಒಳ್ಳೆಯ ಊಟವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯೂ ತಾಟಿನ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಲಿ ಅನ್ನುತ್ತದೆ. ಪಚಡಿ ಮಾಡಲು ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಸೊಪ್ಪು ಸಾಕು.

ಸಮಯ ಕಮ್ಮಿ ಉಳಿದಿದೆ, ಬೇಗ ಬೇಗ ಹೇಳುತ್ತೇನೆ. ಎಣ್ಣಿಗಾಯಿ ಬದನೆಕಾಯಿ ಹಾಕಿಕೊಳ್ಳಿ, ಮೇಲೆ ತೇಲುವ ಎಣ್ಣೆ ಬಿಡಿ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ. ಹಿಂಡಿಗೆ ಮತ್ತೆ ಎಣ್ಣೆ ಕಲಸಬೇಡಿ, ಶೇಂಗಾದಲ್ಲಿ ಅರ್ಧಕ್ಕೆ ಹತ್ತಿರ ಎಣ್ಣೆಯೇ ಇದೆ. ಗೆಳೆಯರ ಮನೆಯಲ್ಲಿ ದಸ್ತರ್‌ಖಾನ್, ಅಂದರೆ ಊಟಕ್ಕೆ ಹಾಸುವ ಬಟ್ಟೆ, ಅದರ ಮುಂದೆ ಕೂತರೂ ಅದೇ ಮಾತು. ಬಿರಿಯಾನಿ ಒಂದೇ ಸಲ, ಜೊತೆಗೆ ಮೊಸರು ಪಚಡಿ. ಸಂಜೆ ಮಿರ್ಚಿ ಭಜಿ ತಿನ್ನಲು ನಾಲ್ಕು ಜನ ಹೋದರೆ ಒಂದೇ ತಟ್ಟೆಯಲ್ಲಿ ಕೈ ಹಾಕಬೇಡಿ. ನಿಮ್ಮ ಒಂದನ್ನು ಬೇರೆ ಕಾಗದದಲ್ಲಿ ತೆಗೆದಿಟ್ಟುಕೊಳ್ಳಿ, ಜೊತೆಗೆ ಚಹಾ ಕುಡಿಯಿರಿ, ಸಕ್ಕರೆ ಬೇಡ.

ಇನ್ನೊಂದನ್ನು ಹೇಳದೆ ಏಳಲಾರೆ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮದುವೆ ಮನೆಯಲ್ಲಿ ಊಟ ತಡವಾದರೆ ನಾಚಿಕೊಂಡು ಹಸಿದು ಕೂರಬೇಡಿ. ಶುಗರ್ ಒಮ್ಮೆಲೇ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಹಾಗಾದರೆ ತಕ್ಷಣ ಎರಡು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಪಕ್ಕದವರಿಗೆ ಹೇಳಿ. ಮದುವೆಗೆ ಹೋಗುವಾಗ ಜೇಬಿನಲ್ಲಿ, ಬ್ಯಾಗಿನಲ್ಲಿ ಒಂದು ಸಣ್ಣ ಸಕ್ಕರೆ ಪೊಟ್ಟಣ, ಒಂದು ಹಿಡಿ ಹುರಿಗಡಲೆ ಇಟ್ಟುಕೊಳ್ಳಿ. ನಮಸ್ಕಾರ.