ಮೋರಿಯಲ್ಲ, ವೃಷಭಾವತಿ

ಕೇಳುಗರಿಗೆ ನಮಸ್ಕಾರ.

ಮೈಸೂರು ರಸ್ತೆಯಲ್ಲಿ ಬಸ್ಸು ನಾಯಂಡಹಳ್ಳಿ ದಾಟುವಾಗ ಒಬ್ಬರು ಮೂಗಿಗೆ ಸೆರಗು ಹಿಡಿಯುತ್ತಾರೆ, ಇನ್ನೊಬ್ಬರು ಕಿಟಕಿ ಎಳೆದುಕೊಳ್ಳುತ್ತಾರೆ. ಆಮೇಲೆ ಯಾರಾದರೂ ಆ ಹೆಸರು ಹೇಳಿಯೇ ಹೇಳುತ್ತಾರೆ: ಕೆಂಗೇರಿ ಮೋರಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನನಗೆ ಈ ಹೆಸರನ್ನು ಸಹಿಸಲು ಇಂದಿಗೂ ಆಗುವುದಿಲ್ಲ. ಅದು ಮೋರಿಯಲ್ಲ, ಹೊಳೆ. ಅದರ ಹೆಸರು ವೃಷಭಾವತಿ. ಈ ಹೊತ್ತು ನಾನು ಹೇಳುವ ಉಳಿದದ್ದೆಲ್ಲ ಮರೆತರೂ ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ವೃಷಭ ಎಂದರೆ ಬಸವ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಈ ಹೊಳೆ ಹುಟ್ಟಿತು ಎಂದು ಹಿರಿಯರು ನಂಬಿದ್ದರು. ಭೂಗೋಳಕ್ಕೂ ಆ ನಂಬಿಕೆಗೂ ಜಗಳವಿಲ್ಲ. ಹೆಂಚಿನ ಮನೆಯ ಮಾಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆನೀರು ನೆತ್ತಿಯಿಂದ ಎರಡೂ ಕಡೆಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಅಂಥದ್ದೇ ಒಂದು ಮಾಡು. ಪೂರ್ವಕ್ಕೆ ಇಳಿದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಗೆ. ಅದು ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆಗೆ ಬಿದ್ದು, ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಹಾಗಾದರೆ ವೃಷಭಾವತಿ ಯಾರು? ಕಾವೇರಿಯ ಮೊಮ್ಮಗಳು!

16ನೆಯ ಶತಮಾನದಲ್ಲಿ, ಕೆಂಪೇಗೌಡರ ಕಾಲದಲ್ಲಿ, ಇದೇ ಕಣಿವೆಯ ನೀರನ್ನು ಹಿಡಿದು ಗವಿಪುರದ ಬಳಿ ಕೆಂಪಾಂಬುಧಿ ಕೆರೆಯನ್ನು ಕಟ್ಟಿದರು. ಮೋರಿಗೆ ಅಡ್ಡಲಾಗಿ ಯಾರಾದರೂ ಕೆರೆ ಕಟ್ಟುತ್ತಾರೆಯೇ?

ಒಮ್ಮೆ ಏಳನೆಯ ತರಗತಿಯ ಮಕ್ಕಳನ್ನು ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೊಳೆಯ ಪಾತ್ರ ಅಲ್ಲೇ ಪಕ್ಕದಲ್ಲಿದೆ. ನಾನು ನಕಾಶೆ ಬಿಡಿಸುತ್ತಿದ್ದಂತೆ ಒಬ್ಬಳು ಹುಡುಗಿ ಮೂಗು ಮುಚ್ಚಿಕೊಂಡು, "ಸಾರ್, ಈ ಮೋರಿ ಎಲ್ಲಿಗೆ ಹೋಗುತ್ತದೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹೂವು ಕಟ್ಟುತ್ತ ಕುಳಿತಿದ್ದ ಅಜ್ಜಿಯೊಬ್ಬರು, "ಮೋರಿ ಅನ್ನಬೇಡ ಮಗಳೇ, ಹೊಳೆ ಅನ್ನು" ಎಂದರು. ನಕಾಶೆ ಮಡಚಿ ನಾನೂ ಮಕ್ಕಳ ಜೊತೆ ಕುಳಿತೆ. ಅಜ್ಜಿ ಕೈಯಲ್ಲಿದ್ದ ದಾರವನ್ನು ಬಿಡಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ಅವರು ಮದುವೆಯಾಗಿ ಬಂದಾಗ ಈ ಹೊಳೆಯಲ್ಲಿ ಕಾಲು ತೊಳೆದುಕೊಂಡೇ ದೇವರ ಬಾಗಿಲಿಗೆ ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಮಂಡಿಯುದ್ದ ನೀರು. ಬೇಸಿಗೆಯಲ್ಲಿ ಹರಿವು ನಿಂತರೂ ಮರಳಿನಲ್ಲಿ ಒರತೆ ತೋಡಿದರೆ ಗಳಿಗೆಯಲ್ಲಿ ನೀರು ತಿಳಿಯಾಗುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆಗೆ ತುಂಬುತ್ತಿದ್ದರು. ಅತ್ತೆಯವರು ಆ ನೀರಿನಲ್ಲೇ ಬೇಳೆ ಬೇಯಿಸಬೇಕು ಎನ್ನುತ್ತಿದ್ದರಂತೆ; ಬಾವಿನೀರಿಗೆ ಬೇಳೆ ಅಷ್ಟು ಚೆನ್ನಾಗಿ ಬೇಯುತ್ತಿರಲಿಲ್ಲವಂತೆ. ಆ ಹುಡುಗಿ ಮೂಗಿನಿಂದ ಕೈ ತೆಗೆದು, "ಮತ್ತೆ ಹೀಗೆ ಮಾಡಿದವರು ಯಾರು ಅಜ್ಜಿ?" ಎಂದು ಕೇಳಿದಳು. ಅಜ್ಜಿ ನನ್ನ ಕಡೆ ನೋಡಿ, "ಮೇಷ್ಟ್ರೇ, ನೀವು ಹೇಳಿ" ಎಂದರು.

ಅಂದು ಮಕ್ಕಳಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಅದನ್ನು ಎತ್ತುತ್ತವೆ. ಬಂದ ನೀರು ನಲ್ಲಿಯಲ್ಲಿ ನಿಲ್ಲುವುದಿಲ್ಲ. ನೀವು ಊರಿನ ಪಶ್ಚಿಮ ಭಾಗದಲ್ಲಿದ್ದರೆ, ಈಗ ರೇಡಿಯೋ ಕೇಳುತ್ತ ಪಾತ್ರೆ ತೊಳೆಯುತ್ತಿರುವ ನೀರು ಇಳಿಯುವುದೂ ಇದೇ ಕಣಿವೆಗೆ. ಮನೆಗಳ ಬಚ್ಚಲು, ಕಾರ್ಖಾನೆಗಳ ಕೊಳೆ ಎಲ್ಲವನ್ನೂ ಹೊಳೆಗೆ ತಿರುಗಿಸಿದವರು ನಾವು. ಮಳೆಗಾಲದ ಹೊಳೆ ವರ್ಷವಿಡೀ ಹರಿಯತೊಡಗಿತು, ಕಪ್ಪಾಗಿ. ಕಾವೇರಿಯಿಂದ ತಂದದ್ದನ್ನು ಕೊಳೆ ಮಾಡಿ ಮೊಮ್ಮಗಳ ಕೈಯಲ್ಲಿ ಕಾವೇರಿಗೇ ಕಳುಹಿಸುತ್ತಿದ್ದೇವೆ. ಇಷ್ಟು ಮಾಡಿ ಅವಳನ್ನೇ ಮೋರಿ ಎಂದು ಕರೆಯುವುದು ಯಾವ ನ್ಯಾಯ?

ಬೈರಮಂಗಲದ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತ ಬಂತು. 1940ರ ದಶಕದಲ್ಲಿ ರೈತರ ಗದ್ದೆಗಳಿಗೆಂದು ಕಟ್ಟಿದ ಜಲಾಶಯ ಅದು. ನಗರದ ಸಾಬೂನು ಅಲ್ಲಿ ನೊರೆಯಾಗಿ ಏಳುತ್ತದೆ. ಆ ನೀರನ್ನೇ ಹೊಲಕ್ಕೆ ಹಾಯಿಸಿಕೊಳ್ಳಬೇಕಾದ ರೈತರ ಮುಂದೆ ನಿಂತು ಮಾತನಾಡುವುದು ನನಗೆ ಕಷ್ಟವಾಗುತ್ತದೆ.

ಹೊಳೆಯ ಇನ್ನೊಂದು ಮೂಲ ಮಲ್ಲೇಶ್ವರದಲ್ಲಿದೆ ಎನ್ನುತ್ತಾರೆ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥ 1997ರಲ್ಲಿ ಮಣ್ಣು ಅಗೆದಾಗ ಮತ್ತೆ ಹೊರಬಂತು. ಅಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ಈ ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಆ ನೀರನ್ನು ತೋರಿಸಿ, ಅದರ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ: ವೃಷಭಾವತಿ.

ನಮಸ್ಕಾರ.