ತಡಿಯಂಡಮೋಳಿಗಿಂತ ಎತ್ತರದಲ್ಲಿ ಹುಟ್ಟುವ ಕಡಲಕ್ಕಿ

[ದೃಶ್ಯ: ಮಾಕುಟ್ಟದ ಘಾಟಿ ರಸ್ತೆ. ನಂತರ ಕಣ್ಣೂರಿನ ಕಡಲತೀರ, ದೋಣಿಗಳ ಮೇಲೆ ಹಕ್ಕಿಗಳ ಹಿಂಡು]

ನಿರೂಪಣೆ: ವಿರಾಜಪೇಟೆಯ ಕಡೆಯವರಿಗೆ ಸಮುದ್ರವೆಂದರೆ ಮಾಕುಟ್ಟದ ಘಾಟಿ ಇಳಿದು ಕಣ್ಣೂರು. ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋದವರು ಮೀನುದೋಣಿಗಳ ಸುತ್ತ ಕಿರುಚಾಡುವ ಬಿಳಿ ಹಕ್ಕಿಗಳನ್ನು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಒಂದು, ಕಂದುತಲೆಯ ಕಡಲಕ್ಕಿ. ಅಪ್ಪಟ ಬೆಟ್ಟದ ಹಕ್ಕಿ!

[ನಕ್ಷೆ: ಲಡಾಖ್, ಟಿಬೆಟ್]

ಇದು ಮರಿ ಮಾಡುವುದು ಲಡಾಖ್‌ನ ತ್ಸೋ ಮೊರಿರಿ, ತ್ಸೋ ಕರ್‌ನಂಥ ಸರೋವರಗಳಲ್ಲಿ, ಟಿಬೆಟ್ ಪ್ರಸ್ಥಭೂಮಿಯಲ್ಲಿ. ಎತ್ತರ ಸುಮಾರು 4,500 ಮೀಟರ್. ಕೊಡಗಿನ ಅತಿ ಎತ್ತರದ ಬೆಟ್ಟವಾದ ನಮ್ಮ ತಡಿಯಂಡಮೋಳ್ 1,748 ಮೀಟರ್. ದ್ವೀಪಗಳಲ್ಲಿ, ಜೌಗಿನಲ್ಲಿ ಹತ್ತಿರ ಹತ್ತಿರ ಗೂಡು ಕಟ್ಟಿ ಗುಂಪಾಗಿ ಬಾಳುತ್ತವೆ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿದರೆ ತಿನ್ನಲು ಏನೂ ಸಿಗದು. ಆಗ ಕೆಳಗಿಳಿಯಲೇಬೇಕು.

[ಚಿತ್ರ: ಹಕ್ಕಿಯ ತಲೆಯ ಅಡ್ಡಸೀಳು]

ಸಮುದ್ರದ ನೀರು ಕುಡಿದು ಹೇಗೆ ಬದುಕುತ್ತದೆ? ಕಣ್ಣುಗಳ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿಗಳಿವೆ. ಅವು ರಕ್ತದಲ್ಲಿನ ಹೆಚ್ಚುವರಿ ಉಪ್ಪನ್ನು ಸೆಳೆದು ಗಟ್ಟಿ ಉಪ್ಪುನೀರಾಗಿಸಿ ಮೂಗಿನ ಹೊಳ್ಳೆಗಳಿಂದ ಹೊರಹಾಕುತ್ತವೆ. ಕೊಕ್ಕಿನ ತುದಿಗೆ ಬಂದ ಹನಿಯನ್ನು ಹಕ್ಕಿ ತಲೆ ಕೊಡವಿ ಉದುರಿಸುತ್ತದೆ. ತ್ಸೋ ಕರ್‌ನ ನೀರೂ ಉಪ್ಪೇ ಆದ್ದರಿಂದ ಈ ಗ್ರಂಥಿಗಳಿಗೆ ತವರಿನಲ್ಲೂ ಕೆಲಸವುಂಟು.

[ದೃಶ್ಯ: ಎರಡು ಹಕ್ಕಿಗಳು ಅಕ್ಕಪಕ್ಕ]

ಗುರುತಿಸುವುದೇ ತಲೆನೋವು. ಚಳಿಗಾಲದಲ್ಲಿ ಇದರ ತಲೆ ಬೆಳ್ಳಗಿರುತ್ತದೆ. ಕಣ್ಣಿನ ಹಿಂದೆ ಕಪ್ಪು ಮಚ್ಚೆಯೊಂದು, ಅಷ್ಟೇ. ಪಕ್ಕದಲ್ಲಿರುವ ಕರಿತಲೆಯ ಕಡಲಕ್ಕಿಯೂ ಹಾಗೆಯೇ. ತಲೆಯನ್ನು ಬಿಟ್ಟು ಕಣ್ಣು ನೋಡಿ: ಬೆಳೆದ ಕಂದುತಲೆಯ ಹಕ್ಕಿಯದು ತಿಳಿಬಣ್ಣ, ಇನ್ನೊಂದರದು ಕಪ್ಪು. ಹಾರುವಾಗ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಹೊಳೆದರೆ ಅನುಮಾನವೇ ಬೇಡ. ದೇಹವೂ ತುಸು ದೊಡ್ಡದು, ಸುಮಾರು 42 ಸೆಂಟಿಮೀಟರ್. ತಿನ್ನುವ ವಿಷಯದಲ್ಲಿ ಮಡಿವಂತಿಕೆಯಿಲ್ಲ: ಮೀನು, ಹುಳು, ಬಂದರಿನಲ್ಲಿ ಬಿಸಾಡಿದ ಮೀನಿನ ಕರುಳು, ಯಾವುದಾದರೂ ಸರಿ.

ಹಾರಂಗಿಯ ಹಿನ್ನೀರಿನಲ್ಲಿ ಹಳದಿ ಕೊಕ್ಕು, ಕವಲುಬಾಲದ ಬಿಳಿ ಹಕ್ಕಿ ಕಂಡರೆ ಅದು ಹೊಳೆ ರೀವ, ಕಡಲಕ್ಕಿಯಲ್ಲ. ರೀವ ತಲೆಕೆಳಗಾಗಿ ನೀರಿಗೆ ಧುಮುಕುತ್ತದೆ. ಕಡಲಕ್ಕಿ ಹೆಚ್ಚಾಗಿ ಮೇಲಿಂದಲೇ ಹೆಕ್ಕುತ್ತದೆ.

[ದೃಶ್ಯ: ಹೂವರಳಿದ ಕಾಫಿ ತೋಟ]

ಕಂದು ತಲೆಯನ್ನೇ ನೋಡಬೇಕೆಂದರೆ ಡಿಸೆಂಬರ್ ಪ್ರವಾಸ ಸಾಲದು. ಕಾಫಿ ಹೂ ಬಿಡುವ ಮಾರ್ಚ್ ಹೊತ್ತಿಗೆ ಹೋಗಿ. ಮರಿ ಮಾಡುವ ಕಾಲ ಹತ್ತಿರವಾದಂತೆ ಗರಿ ಬದಲಾಗಿ ತಲೆಗೆ ಕಂದು ಬಣ್ಣ ಏರುತ್ತದೆ. ಅದಾದ ಮೇಲೆ ಹಿಂಡು ಬಹಳ ದಿನ ನಿಲ್ಲುವುದಿಲ್ಲ. ಆಗಲೂ ತಲೆ ಬೆಳ್ಳಗೆ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಅದು ಹಿಂದಿನ ವರ್ಷದ ಮರಿ. ಇದು ಪೂರ್ತಿ ಬೆಳೆಯಲು ಎರಡು ವರ್ಷ ಬೇಕು.