ಕಿರಣ ಚಿಕಿತ್ಸೆಯನ್ನು ನಡುವೆ ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಚನ್ನಗಿರಿಯ ತೋಟಗಳಲ್ಲಿ, ಹೊಳಲ್ಕೆರೆಯ ಹೊಲಗಳಲ್ಲಿ, ದಾವಣಗೆರೆಯ ಅಂಗಡಿಗಳಲ್ಲಿ ಕುಳಿತು ಕೇಳುತ್ತಿರುವ ತಮಗೆ ನಾನು ಒಂದೇ ಮಾತನ್ನು ಹೇಳಲು ಬಂದಿದ್ದೇನೆ: ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಶುರುವಾದ ಮೇಲೆ ಅದನ್ನು ನಡುವೆ ಬಿಡಬಾರದು.

ಜನರು ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆಯಲ್ಲಿ ಮೈಗೆ ವಿದ್ಯುತ್ತು ತಾಗುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಹೊರಡುವ ಪ್ರಬಲ ಎಕ್ಸ್-ರೇ ಕಿರಣಗಳು ಕ್ಯಾನ್ಸರ್ ಕೋಶಗಳ ಡಿಎನ್ಎಯನ್ನು ತುಂಡರಿಸುತ್ತವೆ. ಸಿ.ಟಿ. ಸ್ಕ್ಯಾನಿನಲ್ಲಿ ಗಡ್ಡೆಯ ಆಕಾರವನ್ನು ಗುರುತಿಸಿ, ಯಂತ್ರದ ಬಾಯಲ್ಲಿರುವ ತೆಳ್ಳನೆಯ ಟಂಗ್‌ಸ್ಟನ್ ಪಟ್ಟಿಗಳನ್ನು ಅದಕ್ಕೆ ತಕ್ಕಂತೆ ಸರಿಸಿ, ಪಕ್ಕದ ಜೊಲ್ಲುಗ್ರಂಥಿಗೂ ಬೆನ್ನುಹುರಿಗೂ ಆದಷ್ಟು ಕಡಿಮೆ ಕಿರಣ ಬೀಳುವಂತೆ ನೋಡಿಕೊಳ್ಳುತ್ತೇವೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ಬೇಕು. ದಿನಕ್ಕಿಷ್ಟೇ ಎಂದು ಕೊಡುವುದರಿಂದ ಆರೋಗ್ಯವಂತ ಕೋಶಗಳು ಮರುದಿನದೊಳಗೆ ಚೇತರಿಸಿಕೊಳ್ಳುತ್ತವೆ; ಬಿಡುವು ಹೆಚ್ಚಾಯಿತೆಂದರೆ ಅಳಿದುಳಿದ ಕ್ಯಾನ್ಸರ್ ಕೋಶಗಳೂ ಚಿಗುರುತ್ತವೆ.

ಗುಟ್ಕಾ ಚಟದಿಂದ ಕೆನ್ನೆಯ ಕ್ಯಾನ್ಸರ್ ತಂದುಕೊಂಡಿದ್ದ ಅಡಿಕೆ ಬೆಳೆಗಾರರೊಬ್ಬರು ಐದನೆಯ ವಾರದಲ್ಲಿ, ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಿದ್ದಾಗ, “ಗಡ್ಡೆ ಕರಗಿದೆ ಸಾರ್, ಕೊಯ್ಲು ಮುಗಿಸಿ ಬರುತ್ತೇನೆ” ಎಂದು ಊರಿಗೆ ಹೊರಟೇಬಿಟ್ಟರು. ಎರಡು ವಾರ ಕಳೆದ ಮೇಲೆ ಅವರ ಹೆಂಡತಿಯೇ ಹಟ ಹಿಡಿದು ಕರೆತಂದರು. ಚಿಕಿತ್ಸೆಯ ವೇಳೆ ತಲೆ ಅಲುಗದಿರಲೆಂದು, ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖಕ್ಕೆ ಒತ್ತಿ ಅಚ್ಚು ಮಾಡಿರುತ್ತೇವೆ. ಅವರು ಎಷ್ಟು ಬತ್ತಿಹೋಗಿದ್ದರೆಂದರೆ, ಅಚ್ಚಿಗೂ ಕೆನ್ನೆಗೂ ನಡುವೆ ನನ್ನ ಎರಡು ಬೆರಳು ಸಲೀಸಾಗಿ ತೂರಿದವು. ಗಡ್ಡೆಯ ಅಂಚು ಮಾತ್ರ ಮತ್ತೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಹೊಸ ಅಚ್ಚು, ಹೊಸ ಸ್ಕ್ಯಾನ್, ಹೊಸ ಲೆಕ್ಕ. “ಅರ್ಧ ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಅಡಿಕೆಯ ಕೊಳೆರೋಗ ಹೋಯಿತೆನ್ನುತ್ತೀರಾ?” ಎಂದು ಗದರಿಯೂಬಿಟ್ಟೆ. ಹುಣ್ಣಿಗೆ ಔಷಧವಿದೆ, ನುಂಗಲಾಗದವರಿಗೆ ಮೂಗಿನ ನಳಿಕೆಯಲ್ಲಿ ಆಹಾರ ಕೊಡಬಹುದು. ತಪ್ಪಿಸಿಕೊಂಡ ದಿನಗಳನ್ನು ಪೂರ್ತಿ ತುಂಬಿಕೊಡುವುದು ಕಷ್ಟ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನ ಕಿರಣದ ಜೊತೆಗೆ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹವನ್ನು ಸ್ವಲ್ಪ ಹೊತ್ತು ಗಡ್ಡೆಯ ಬಳಿಯಿಟ್ಟು ಒಳಗಿನ ಕಿರಣವನ್ನೂ ಕೊಟ್ಟು, ಒಟ್ಟು 8 ವಾರದೊಳಗೆ ಮುಗಿಸಬೇಕು. ತಾಯಂದಿರೇ, ಹಬ್ಬ, ಮದುವೆಗಳೆಂದು ಮುಂದೂಡಬೇಡಿ. ಯಂತ್ರದಿಂದ ಹೊರಗಿನ ಕಿರಣ ಪಡೆದು ಮನೆಗೆ ಬಂದವರ ಮೈಯಲ್ಲಿ ಕಿರಣ ಉಳಿದಿರುವುದಿಲ್ಲವಾದ್ದರಿಂದ ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲ ದಿನವೇ ಆಸ್ಪತ್ರೆಯಲ್ಲಿ ವಿಚಾರಿಸಿ. ಅನಿವಾರ್ಯವಾಗಿ ಒಂದು ದಿನ ತಪ್ಪುವಂತಿದ್ದರೆ ಹಿಂದಿನ ದಿನವೇ ನಮಗೆ ತಿಳಿಸಿ. ಕೆಲವೊಮ್ಮೆ ಒಂದೇ ದಿನ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಕೊಟ್ಟು ಸರಿದೂಗಿಸಲು ಸಾಧ್ಯವಿದೆ. ನಮಸ್ಕಾರ.